ಫೊಯಿಬೆಯನ್ನು ಏನೆಂದು ಕರೆಯಬೇಕು? ಕ್ರೈಸ್ತ ಸಭೆಯಲ್ಲಿ ಹೆಂಗಸರ ಕೆಲಸ ಮತ್ತು ಹುದ್ದೆ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ಚರ್ಚಿನ ಪ್ರಸಂಗಕ್ಕೆ (ಉಪದೇಶಕ್ಕೆ) ಆರಿಸಿಕೊಳ್ಳುವವರು ಕಡಿಮೆ. ಅದರ ತುಂಬ ಇರುವುದು ವಂದನೆಗಳು. ಇವರಿಗೆ ವಂದನೆ ಹೇಳಿ, ಅವರಿಗೆ ವಂದನೆ ಹೇಳಿ ಎಂದು ಸಾಗುವ ಹೆಸರುಗಳ ಸಾಲು. ಆದರೆ ಸಭೆಯಲ್ಲಿ ಹೆಣ್ಣುಮಕ್ಕಳ ಸ್ಥಾನ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೆರೆಯುವುದು ಈ ಅಧ್ಯಾಯವನ್ನೇ. ಇದರಲ್ಲಿ ಹತ್ತು ಮಂದಿ ಹೆಂಗಸರು ಬರುತ್ತಾರೆ. ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ್ ಈ ನಾಲ್ವರ ಬಗ್ಗೆ ಪೌಲ 'ಬಹಳ ದುಡಿದವರು' ಎನ್ನುತ್ತಾನೆ. ಆ ಕ್ರಿಯಾಪದವನ್ನು ಈ ಅಧ್ಯಾಯದಲ್ಲಿ ಒಬ್ಬ ಗಂಡಸಿಗೂ ಬಳಸಿಲ್ಲ. ಬೇರೆ ಕಡೆ ತನ್ನ ಅಪೊಸ್ತಲ ಸೇವೆಯ, ಅಂದರೆ ಕ್ರಿಸ್ತನ ದೂತನಾಗಿ ಸುವಾರ್ತೆ ಸಾರುವ ಸೇವೆಯ, ಶ್ರಮವನ್ನು ಹೇಳಿಕೊಳ್ಳುವಾಗ ಅವನು ಬಳಸುವುದು ಇದೇ ಪದವನ್ನು.

ಸಾಲಿನ ಮೊದಲ ಹೆಸರು ಫೊಯಿಬೆ. ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯವಳು. ಪೌಲ ಆಕೆಯನ್ನು ಪರಿಚಯಿಸುವ ರೀತಿಯನ್ನು ನೋಡಿ, ಈ ಪತ್ರವನ್ನು ರೋಮಿಗೆ ಹೊತ್ತು ತಂದವಳು ಅವಳೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆಕೆಗೆ ಪೌಲ ಕೊಡುವ ವಿಶೇಷಣಗಳು ಎರಡು. ಒಂದು ದಿಯಾಕೊನೊಸ್, ಇನ್ನೊಂದು ಪ್ರೊಸ್ತಾತಿಸ್. ಎರಡನೆಯದು ಆಶ್ರಯ ಕೊಟ್ಟು, ಹಣ ಹಾಕಿ, ಬೆನ್ನಿಗೆ ನಿಂತವಳು ಎಂಬರ್ಥದ ಪದ. ಮೊದಲನೆಯದರ ಕತೆ ಇನ್ನೂ ಸ್ವಾರಸ್ಯದ್ದು. ದಿಯಾಕೊನೊಸ್ ಎಂಬ ಪದವನ್ನು ಪೌಲ ತನಗೆ, ಅಪೊಲ್ಲೋಸನಿಗೆ, ಎಪಫ್ರನಿಗೆ ಕೂಡ ಬಳಸಿದ್ದಾನೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಆ ಗಂಡಸರೆಲ್ಲ 'ಮಿನಿಸ್ಟರ್', ಅಂದರೆ ಸಭೆಯ ಸೇವಾಧಿಕಾರಿ, ಆದರು. ಫೊಯಿಬೆ ಮಾತ್ರ 'ಸರ್ವೆಂಟ್' ಆದಳು. ಗ್ರೀಕಿನಲ್ಲಿ ಇದ್ದದ್ದು ಒಂದೇ ಪದ.

ಭಾಷಾಂತರಕಾರರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಪದಕ್ಕೆ ಸೇವಕ ಎಂಬ ಅರ್ಥ ನಿಜವಾಗಿಯೂ ಇದೆ. ಆದರೆ ಎರಡು ಸಾವಿರ ವರ್ಷಗಳ ಚರ್ಚೆಯ ತಿರುಳು ಈ ಒಂದು ಪದದಲ್ಲಿದೆ. ಹೆಂಗಸರು ಸಭೆಯಲ್ಲಿ ಕೆಲಸ ಮಾಡಬಹುದೇ ಎಂಬುದು ಎಂದೂ ದೊಡ್ಡ ಪ್ರಶ್ನೆ ಆಗಿರಲಿಲ್ಲ. ಕೆಲಸವನ್ನು ಅವರು ಮೊದಲಿನಿಂದಲೂ ಮಾಡುತ್ತಲೇ ಬಂದಿದ್ದಾರೆ. ಆ ಕೆಲಸಕ್ಕೆ ಯಾವ ಹೆಸರು, ಆ ಹೆಸರಿನ ಜೊತೆಗೆ ಯಾವ ಅಧಿಕಾರ ಎಂಬಲ್ಲಿಗೆ ಬಂದಾಗ ಜಗಳ ಶುರುವಾಗುತ್ತದೆ.

ಒಂದೊಂದು ಸಭೆಯಲ್ಲಿ ಬೇಲಿ ಒಂದೊಂದು ಕಡೆ

ಹೊರಗಿನಿಂದ ನೋಡುವವರಿಗೆ ಇದು ಒಂದೇ ಚರ್ಚೆಯಂತೆ ಕಾಣುತ್ತದೆ: ಕೆಲವು ಸಭೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಳಗೆ ಇಣುಕಿದರೆ ಅವರು ಚರ್ಚಿಸುತ್ತಿರುವ ವಿಷಯವೇ ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುದೀಕ್ಷೆ, ಅಂದರೆ ಒಬ್ಬರನ್ನು ಗುರುವಾಗಿ (ಪಾದ್ರಿಯಾಗಿ) ನೇಮಿಸುವ ವಿಧಿ, ಒಂದು ಸಂಸ್ಕಾರ. ಬಲಿಪೀಠದ ಮುಂದೆ ನಿಂತ ಗುರು 'ಇದು ನನ್ನ ದೇಹ' ಎನ್ನುವಾಗ ಕ್ರಿಸ್ತನ ಸ್ಥಾನದಲ್ಲಿ ನಿಂತು ಆ ಮಾತನ್ನು ಆಡುತ್ತಾರೆ ಎಂಬುದು ನಂಬಿಕೆ. ಯೇಸು ಹನ್ನೆರಡು ಮಂದಿ ಪ್ರೇಷಿತರನ್ನಾಗಿ (ಅಪೊಸ್ತಲರನ್ನಾಗಿ) ಗಂಡಸರನ್ನೇ ಆರಿಸಿದ, ಸಭೆ ಅದನ್ನೇ ಪಾಲಿಸಿಕೊಂಡು ಬಂದಿದೆ, ಅದನ್ನು ಬದಲಿಸುವ ಅಧಿಕಾರ ತನಗೇ ಇಲ್ಲ ಎಂಬುದು ಕಥೋಲಿಕ ಸಭೆಯ ನಿಲುವು. 1994ರ ಮೇ 22ರಂದು ಪೋಪ್ ಎರಡನೆಯ ಜಾನ್ ಪಾಲ್ ಹೊರಡಿಸಿದ ಪತ್ರ ಹೇಳಿದ್ದು ಇದನ್ನೇ. 'ನಾವು ಕೊಡುವುದಿಲ್ಲ' ಎಂಬುದಕ್ಕೂ 'ಕೊಡುವ ಅಧಿಕಾರ ನಮಗಿಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸದೆ ಕಥೋಲಿಕರ ಜೊತೆ ವಾದಕ್ಕಿಳಿದವರು ಗೋಡೆಗೆ ಮಾತಾಡಿದಂತೆ ಆಗುತ್ತದೆ.

ಇದಕ್ಕೆ ಎದುರಾಗಿ ಕೇಳುವ ಪ್ರಶ್ನೆಗಳೂ ಗಟ್ಟಿಯಾಗಿಯೇ ಇವೆ. ಹನ್ನೆರಡು ಮಂದಿ ಗಂಡಸರಾಗಿದ್ದಂತೆ ಯೆಹೂದ್ಯರೂ ಆಗಿದ್ದರು. ಗುರುಗಳು ಯೆಹೂದ್ಯರೇ ಆಗಬೇಕೆಂದು ಯಾರೂ ಹೇಳುವುದಿಲ್ಲ, ಹಾಗಿರುವಾಗ ಒಂದು ಲಕ್ಷಣ ಮಾತ್ರ ಏಕೆ ಉಳಿಯಬೇಕು? ನಾಲ್ಕನೆಯ ಶತಮಾನದ ನಜಿಯಾನ್ಸಸ್‌ನ ಗ್ರೆಗರಿ, ಕ್ರಿಸ್ತ ಯಾವುದನ್ನು ಧರಿಸಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ ಎಂದು ಬರೆದಿದ್ದ. ಕ್ರಿಸ್ತ ಧರಿಸಿದ್ದು ಮನುಷ್ಯತ್ವವನ್ನೇ ಹೊರತು ಗಂಡಸುತನವನ್ನಷ್ಟೇ ಅಲ್ಲ ಎಂದಾದರೆ, ಅವನನ್ನು ಪ್ರತಿನಿಧಿಸಲು ಹೆಣ್ಣಿಗೆ ಏನು ಕೊರತೆ? ನನಗೆ ಈ ಎರಡನೆಯ ಪ್ರಶ್ನೆ ತುಂಬ ಬಲವಾದದ್ದು ಎನಿಸುತ್ತದೆ. ಗ್ರೆಗರಿ ಅದನ್ನು ಬರೆದದ್ದು ಬೇರೊಂದು ವಾದದ ನಡುವೆ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಬ್ಯಾಪ್ಟಿಸ್ಟ್, ಬ್ರದರನ್, ಹಲವು ಸುವಾರ್ತಾ ಸಭೆಗಳ ಕಡೆ ಬನ್ನಿ. ಅಲ್ಲಿ ಬಲಿಪೀಠವೇ ಇಲ್ಲ, ಎಲ್ಲ ವಿಶ್ವಾಸಿಗಳೂ ಯಾಜಕರೇ ಎನ್ನುತ್ತಾರೆ. ಅಲ್ಲಿಯ ತಕರಾರು ಬೋಧನೆ ಮತ್ತು ಆಳ್ವಿಕೆಯದು: ಗಂಡಸರೂ ಕೂತಿರುವ ಸಭೆಗೆ ಹೆಂಗಸು ವಾಕ್ಯ ಬೋಧಿಸಬಹುದೇ, ಸಭಾಹಿರಿಯಳಾಗಬಹುದೇ? ಪೆಂತೆಕೊಸ್ತ ಸಭೆಗಳಲ್ಲಿ ವರ ಮುಖ್ಯ. ಪವಿತ್ರಾತ್ಮ ಒಬ್ಬಳಿಗೆ ಪ್ರವಾದನೆಯ ವರ ಕೊಟ್ಟಿದ್ದರೆ ತಡೆಯಲು ನಾವು ಯಾರು ಎಂದು ಕೇಳುತ್ತಾರೆ. ಆದರೂ ಆಡಳಿತ ಮಂಡಳಿಯ ಕುರ್ಚಿ ಬಂದಾಗ ವರದ ಮಾತು ಹಿಂದೆ ಸರಿಯುವುದುಂಟು.

ಹೀಗಾಗಿ ವಿಚಿತ್ರ ದೃಶ್ಯಗಳು ಕಾಣಸಿಗುತ್ತವೆ. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ವ್ಯಾಟಿಕನ್‌ನ ಒಂದು ಇಲಾಖೆಯ ಮುಖ್ಯಸ್ಥೆಯಾದರು. ಜಗತ್ತಿನ ಸನ್ಯಾಸಿ ಸಭೆಗಳ ವ್ಯವಹಾರವನ್ನು ನೋಡಿಕೊಳ್ಳುವ ಇಲಾಖೆ ಅದು. ಆ ಎತ್ತರದ ಅಧಿಕಾರ ಅವರಿಗೆ ಸಿಕ್ಕಿತು, ಆದರೆ ಒಂದು ಚಿಕ್ಕ ಚಾಪೆಲ್‌ನಲ್ಲಿ ಬಲಿಪೂಜೆ ಅರ್ಪಿಸುವಂತಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯನ್ನು ಕಟ್ಟಿದವರಲ್ಲಿ ಎಲೆನ್ ವೈಟ್ ಎಂಬ ಮಹಿಳೆ ಪ್ರಮುಖರು, ಅವರ ಬರಹಗಳಿಗೆ ಅಲ್ಲಿ ಪ್ರವಾದನೆಯ ಗೌರವವಿದೆ. ಅದೇ ಸಭೆ 2015ರ ಜಾಗತಿಕ ಅಧಿವೇಶನದಲ್ಲಿ, ಮಹಿಳೆಯರಿಗೆ ದೀಕ್ಷೆ ಕೊಡುವ ನಿರ್ಧಾರವನ್ನು ಆಯಾ ಪ್ರಾಂತ್ಯಕ್ಕೆ ಬಿಡುವ ಪ್ರಸ್ತಾಪವನ್ನು 977ಕ್ಕೆ 1,381 ಮತಗಳಿಂದ ತಳ್ಳಿಹಾಕಿತು.

ಜಗಳದ ನಡುವೆ ಇರುವ ವಾಕ್ಯಗಳು

ಎರಡು ವಾಕ್ಯಭಾಗಗಳು ಪ್ರತಿ ಚರ್ಚೆಯಲ್ಲೂ ಬರುತ್ತವೆ. 'ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಬೇಕು' ಎಂಬ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನಾಲ್ಕನೆಯ ಅಧ್ಯಾಯದ ಮಾತು ಒಂದು. ಹೆಣ್ಣು ಉಪದೇಶ ಮಾಡುವುದಕ್ಕೂ ಗಂಡಸಿನ ಮೇಲೆ ಅಧಿಕಾರ ನಡೆಸುವುದಕ್ಕೂ ನಾನು ಬಿಡುವುದಿಲ್ಲ ಎಂಬ ತಿಮೊಥೆಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯದ ಮಾತು ಇನ್ನೊಂದು. ಈ ವಾಕ್ಯಗಳನ್ನು ಯಾರೂ ಲಘುವಾಗಿ ದಾಟಿ ಹೋಗಬಾರದು. ಇವುಗಳನ್ನು ದೇವರ ಮಾತು ಎಂದು ನಂಬಿ, ಅದಕ್ಕೆ ತಲೆಬಾಗಿ, ತಮ್ಮೊಳಗಿನ ಕರೆಯನ್ನೇ ಬದಿಗಿಟ್ಟ ಹೆಂಗಸರು ಎಷ್ಟೋ ಮಂದಿ. ಅವರ ವಿಧೇಯತೆಯನ್ನು ನಾನು ಅಗೌರವಿಸಲಾರೆ.

ಆದರೆ ಓದುವುದಾದರೆ ಪೂರ್ತಿ ಓದಬೇಕು. ಅದೇ ಕೊರಿಂಥದ ಪತ್ರದಲ್ಲಿ ಮೂರು ಅಧ್ಯಾಯ ಹಿಂದಕ್ಕೆ ಹೋದರೆ, ಹೆಂಗಸರು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ ತಲೆಯ ಮೇಲೆ ಮುಸುಕು ಇರಬೇಕೆಂದು ಪೌಲ ಹೇಳುತ್ತಾನೆ. ಪ್ರವಾದಿಸುವುದು ಎಂದರೆ ಸಭೆಯ ಮುಂದೆ ಬಾಯಿಬಿಟ್ಟು ಮಾತಾಡುವುದು. ಮಾತಾಡುವುದೇ ಸಲ್ಲದು ಎಂದಿದ್ದರೆ ಮಾತಾಡುವಾಗ ಏನು ಧರಿಸಬೇಕೆಂದು ಅವನು ಏಕೆ ಹೇಳುತ್ತಾನೆ? ಇನ್ನೂ ಒಂದು ಸಂಗತಿಯಿದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ 'ಮೌನವಾಗಿರಲಿ' ಎಂಬ ಆಜ್ಞೆ ಮೂರು ಸಲ ಬರುತ್ತದೆ, ಮೂರು ಕಡೆಯೂ ಗ್ರೀಕಿನ ಕ್ರಿಯಾಪದ ಒಂದೇ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯಾಡುವವನು ಮೌನವಾಗಿರಲಿ. ಇನ್ನೊಬ್ಬನಿಗೆ ದೇವರಿಂದ ಪ್ರಕಟಣೆಯಾದರೆ ಮೊದಲು ಮಾತಾಡುತ್ತಿದ್ದವನು ಮೌನವಾಗಲಿ. ಆಮೇಲೆ ಹೆಂಗಸರ ಮಾತು. ಮೊದಲ ಎರಡನ್ನು ಜೀವನಪೂರ್ತಿಯ ಮೌನ ಎಂದು ಯಾರೂ ಅರ್ಥ ಮಾಡಿಲ್ಲ, ಆ ಹೊತ್ತಿನ ಶಿಸ್ತು ಎಂದು ಓದುತ್ತಾರೆ. ಮೂರನೆಯದನ್ನು ಮಾತ್ರ ಎಲ್ಲ ಕಾಲಕ್ಕೂ ಎಂದು ಓದುವುದು ಹೇಗೆ? ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಹೆಂಗಸರ ಕುರಿತ ಈ ಎರಡು ವಚನಗಳು ಅಧ್ಯಾಯದ ಕೊನೆಗೆ ಜಾಗ ಬದಲಿಸಿವೆ. ಅದನ್ನು ನೋಡಿ, ಯಾರೋ ಪಕ್ಕದ ಅಂಚಿನಲ್ಲಿ ಬರೆದದ್ದು ಒಳಗೆ ಸೇರಿತೇ ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಇದ್ದ ಜಾಗದಲ್ಲಿ ಓದಿದರೂ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ತಿಮೊಥೆಯ ಪತ್ರದ ಮಾತು ಇದಕ್ಕಿಂತ ಬಿಗಿಯಾದದ್ದು. ಅಲ್ಲಿ 'ಅಧಿಕಾರ ನಡೆಸು' ಎಂದು ಭಾಷಾಂತರವಾದ ಔಥೆಂತೇನ್ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ. ಸಾಮಾನ್ಯ ಅಧಿಕಾರಕ್ಕೆ ಪೌಲ ಬಳಸುವ ಪದ ಬೇರೆ. ಇದು ದಬ್ಬಾಳಿಕೆ, ಮೇಲೆಬಿದ್ದು ಆಳುವುದು ಎಂಬ ಅರ್ಥದ್ದು, ತಿಮೊಥೆ ಇದ್ದ ಎಫೆಸದಲ್ಲಿ ಸುಳ್ಳು ಬೋಧನೆ ಹಬ್ಬುತ್ತಿದ್ದ ಸಂದರ್ಭಕ್ಕೆ ಕೊಟ್ಟ ಸೂಚನೆ ಎಂದು ಒಂದು ಪಕ್ಷ ಹೇಳುತ್ತದೆ. ಇನ್ನೊಂದು ಪಕ್ಷ ಮುಂದಿನ ವಚನದತ್ತ ಬೆರಳು ತೋರಿಸುತ್ತದೆ: ಮೊದಲು ನಿರ್ಮಿತನಾದವನು ಆದಾಮ, ಆಮೇಲೆ ಹವ್ವ. ಸೃಷ್ಟಿಯ ಕ್ರಮವನ್ನೇ ಕಾರಣವಾಗಿ ಕೊಟ್ಟ ಮೇಲೆ ಅದು ಎಫೆಸಕ್ಕೆ ಮಾತ್ರ ಹೇಗಾದೀತು ಎಂಬುದು ಅವರ ವಾದ. ಇದು ತೂಕವಿರುವ ವಾದ, ಸುಲಭದ ಉತ್ತರ ಇದಕ್ಕಿಲ್ಲ. ಎದುರು ಪಕ್ಷಕ್ಕೆ ಗಲಾತ್ಯದವರಿಗೆ ಬರೆದ ಪತ್ರದ ಮಾತು ಆಧಾರ. ಯೆಹೂದ್ಯನೆಂದೂ ಗ್ರೀಕನೆಂದೂ, ಗಂಡು ಹೆಣ್ಣೆಂದೂ ಭೇದವಿಲ್ಲ, ಕ್ರಿಸ್ತನಲ್ಲಿ ನೀವೆಲ್ಲರೂ ಒಂದೇ.

ಈ ಎರಡು ಓದುಗಳನ್ನು ಈಗ ಪೂರಕತಾವಾದ, ಸಮಾನತಾವಾದ ಎಂದು ಕರೆಯುವುದು ರೂಢಿ. ಗಂಡು ಹೆಣ್ಣು ಬೆಲೆಯಲ್ಲಿ ಸಮ, ಪಾತ್ರದಲ್ಲಿ ಬೇರೆ ಎಂಬುದು ಮೊದಲನೆಯದು. ಸೇವೆಯನ್ನು ವರ ತೀರ್ಮಾನಿಸಬೇಕು, ಲಿಂಗವಲ್ಲ ಎಂಬುದು ಎರಡನೆಯದು. ನಾನು ಎರಡನೆಯ ಕಡೆಯವನು, ಅದನ್ನು ಮುಚ್ಚಿಡುವುದಿಲ್ಲ. ನನ್ನನ್ನು ಆ ಕಡೆಗೆ ತಂದದ್ದು ಯಾವುದೋ ಒಂದು ವಚನವಲ್ಲ, ಹೊಸ ಒಡಂಬಡಿಕೆಯಲ್ಲಿ ಕಣ್ಣೆದುರಿಗೇ ನಡೆಯುವ ಸಂಗತಿಗಳು. ಅಪೊಲ್ಲೋಸನಂಥ ಪಂಡಿತನನ್ನು ಮನೆಗೆ ಕರೆದು ಮಾರ್ಗವನ್ನು ಸರಿಯಾಗಿ ವಿವರಿಸಿದವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಈ ದಂಪತಿಯ ಹೆಸರು ಬರುವ ಆರು ಕಡೆಗಳಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಫಿಲಿಪ್ಪಿಯಲ್ಲಿ ಸಭೆ ಶುರುವಾದದ್ದು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಮನೆಯಿಂದ. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಲು ಯೋಹಾನನ ಸುವಾರ್ತೆಯಲ್ಲಿ ಯೇಸು ಕಳುಹಿಸಿದ್ದು ಮಗ್ದಲದ ಮರಿಯಳನ್ನು. ಅಂಥವಳನ್ನು ಪೋಪ್ ಮಹಾ ಗ್ರೆಗರಿ 591ರ ಸುಮಾರಿನ ಒಂದು ಪ್ರಸಂಗದಲ್ಲಿ ಲೂಕನು ಹೇಳುವ ಹೆಸರಿಲ್ಲದ ಪಾಪಿ ಹೆಂಗಸಿನ ಜೊತೆ ಬೆರೆಸಿಬಿಟ್ಟ. ಪಶ್ಚಿಮದ ಸಭೆಯಲ್ಲಿ ನೂರಾರು ವರ್ಷ ಆಕೆ ವೇಶ್ಯೆ ಎಂದೇ ಉಳಿದಳು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯ ಸ್ಮರಣೆಯ ಜುಲೈ 22ನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಯೂನ್ಯಳಿಗೆ ಆದದ್ದು ಇನ್ನೂ ಸೂಕ್ಷ್ಮ. ರೋಮಾಪುರದ ಅದೇ ಪಟ್ಟಿಯಲ್ಲಿ ಅಂದ್ರೋನಿಕನ ಜೊತೆ ಬರುವ ಈಕೆಯನ್ನು ಪೌಲ 'ಅಪೊಸ್ತಲರಲ್ಲಿ ಹೆಸರುವಾಸಿ' ಎನ್ನುತ್ತಾನೆ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮ ಹೆಂಗಸರ ವಿಷಯದಲ್ಲಿ ಸಡಿಲ ಮಾತಿನವನಲ್ಲ, ಆದರೂ ಅಪೊಸ್ತಲ ಎಂಬ ಹೆಸರಿಗೆ ಯೋಗ್ಯಳಾದ ಇವಳ ಜ್ಞಾನ ಎಷ್ಟು ದೊಡ್ಡದಿರಬೇಕು ಎಂದು ಬೆರಗಾಗಿದ್ದ. ಮಧ್ಯಯುಗದ ಕೊನೆಯ ಹೊತ್ತಿಗೆ ಅಪೊಸ್ತಲ ಎಂದಮೇಲೆ ಗಂಡಸೇ ಇರಬೇಕು ಎಂಬ ಊಹೆ ಬಲಿಯಿತು. ಗ್ರೀಕ್ ಅಕ್ಷರಗಳ ಮೇಲಿನ ಸ್ವರಚಿಹ್ನೆಯನ್ನು ಬದಲಿಸಿದರೆ ಈ ಹೆಸರನ್ನು 'ಯೂನ್ಯಾಸ್' ಎಂಬ ಗಂಡಸಿನ ಹೆಸರಾಗಿ ಓದಬಹುದು. ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಆ ಚಿಹ್ನೆಗಳೇ ಇಲ್ಲ, ಯೂನ್ಯಾಸ್ ಎಂಬ ಹೆಸರಿನ ಒಬ್ಬ ಗಂಡಸೂ ಪ್ರಾಚೀನ ಶಾಸನಗಳಲ್ಲಿ ಸಿಕ್ಕಿಲ್ಲ. ಆದರೂ ವಿದ್ವಾಂಸರು ಬಳಸುವ ಗ್ರೀಕ್ ಮುದ್ರಣದಲ್ಲಿ 1927ರಿಂದ ಗಂಡಸಿನ ರೂಪವೇ ಅಚ್ಚಾಯಿತು. 1998ರಲ್ಲಿ ಅದು ಮತ್ತೆ ಹೆಣ್ಣಾಯಿತು. ಆಕೆ ಅಪೊಸ್ತಲಳೇ ಅಥವಾ ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳೇ ಎಂಬ ವಾದ ಮುಂದುವರಿದಿದೆ. ಹೆಣ್ಣೇ ಅಲ್ಲ ಎನ್ನುವವರು ಈಗ ವಿರಳ.

ಇದ್ದ ಹುದ್ದೆ ಹೋದದ್ದು ಹೇಗೆ

ಆದಿ ಸಭೆಯಲ್ಲಿ ಹೆಂಗಸರಿಗೆ ಹುದ್ದೆಯೇ ಇರಲಿಲ್ಲ ಎಂಬ ಮಾತು ತಪ್ಪು. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರ ಬಗ್ಗೆ ನಿಜ ತಿಳಿಯಲು ಇಬ್ಬರು ದಾಸಿಯರನ್ನು ಹಿಂಸಿಸಿ ಕೇಳಿದೆ ಎನ್ನುತ್ತಾನೆ. ಅವರನ್ನು ಸಭೆಯವರು 'ಮಿನಿಸ್ತ್ರೇ', ಅಂದರೆ ಸಭಾಸೇವಕಿಯರು, ಎಂದು ಕರೆಯುತ್ತಿದ್ದರಂತೆ. ದಾಸಿಯರು, ಅದೂ ಸಭೆಯ ಹೊಣೆ ಹೊತ್ತವರು. ನನಗೆ ಈ ಸಾಲನ್ನು ಓದಿದಾಗಲೆಲ್ಲ ಅವರ ಹೆಸರನ್ನೂ ಅವನು ಬರೆದಿದ್ದರೆ ಎನಿಸುತ್ತದೆ.

ಮೂರನೆಯ ಶತಮಾನದ ಸಿರಿಯಾದ ಸಭಾನಿಯಮಗಳಲ್ಲಿ ಸಭಾಸೇವಕಿಯ ಕೆಲಸ ಸ್ಪಷ್ಟವಾಗಿ ಕಾಣುತ್ತದೆ. ಆಗ ದೀಕ್ಷಾಸ್ನಾನ ಪಡೆಯುತ್ತಿದ್ದವರಲ್ಲಿ ಪ್ರಾಯದವರು ಬಹಳ. ಬಟ್ಟೆ ತೆಗೆದು ನೀರಿಗಿಳಿಯಬೇಕು, ಮೈಗೆ ಎಣ್ಣೆಯ ಅಭಿಷೇಕ ಆಗಬೇಕು. ಹೆಣ್ಣಿನ ಮೈಗೆ ಎಣ್ಣೆ ಹಚ್ಚಲು ಗಂಡಸು ಬರಬಾರದು, ಆದ್ದರಿಂದ ಸಭಾಸೇವಕಿ ಬೇಕು. ಸ್ನಾನ ಪಡೆದವಳಿಗೆ ಬೋಧನೆ ಕೊಡುವುದು, ಅನ್ಯಮತದ ಮನೆಗಳೊಳಗಿನ ಕಾಯಿಲೆಯ ಹೆಂಗಸರನ್ನು ನೋಡಿ ಬರುವುದು ಕೂಡ ಆಕೆಗೇ ಸೇರಿತ್ತು. ನಾಲ್ಕನೆಯ ಶತಮಾನದ ಕೊನೆಯ ಒಂದು ಸಂಗ್ರಹದಲ್ಲಿ ಆಕೆಯ ತಲೆಯ ಮೇಲೆ ಬಿಷಪ್ ಕೈಯಿಟ್ಟು ಮಾಡುವ ಪ್ರಾರ್ಥನೆ ಉಳಿದಿದೆ. ಮಿರ್ಯಾಮ, ದೆಬೋರ, ಅನ್ನ, ಹುಲ್ದ ಇವರನ್ನು ಆತ್ಮದಿಂದ ತುಂಬಿದ ದೇವರೇ ಎಂದು ಅದು ಕರೆಯುತ್ತದೆ. 451ರ ಖಲ್ಕೆದೋನ್ ಮಹಾಸಭೆ ನಲವತ್ತು ವರ್ಷ ತುಂಬುವ ಮೊದಲು ಯಾರನ್ನೂ ಸಭಾಸೇವಕಿಯಾಗಿ ನೇಮಿಸಬಾರದು ಎಂದು ನಿಯಮ ಮಾಡಿತು. ಹುದ್ದೆಯೇ ಇಲ್ಲದಿದ್ದರೆ ಅದಕ್ಕೆ ವಯಸ್ಸಿನ ಮಿತಿ ಇಡುವ ಅಗತ್ಯ ಬರುತ್ತಿರಲಿಲ್ಲ.

ಮತ್ತೆ ಹುದ್ದೆ ಮರೆಯಾದದ್ದು ಏಕೆ? ಒಂದು ಮುಖ್ಯ ಕಾರಣ ತೀರ ಸರಳ. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ಸಾಮಾನ್ಯವಾಯಿತು. ಪ್ರಾಯದ ಹೆಂಗಸರು ನೀರಿಗಿಳಿಯುವುದು ನಿಂತ ಮೇಲೆ ಸಭಾಸೇವಕಿಯ ಕಣ್ಣಿಗೆ ಕಾಣುವ ಕೆಲಸವೂ ನಿಂತಿತು. ಹೆಣ್ಣಿನ ದೇಹದ ಅಶುದ್ಧಿಯ ಕುರಿತ ಭಾವನೆಗಳು ಬಲಿಪೀಠದ ಸುತ್ತ ಗಟ್ಟಿಯಾಗುತ್ತ ಹೋದವು. ಪಶ್ಚಿಮದಲ್ಲಿ ಹುದ್ದೆ ಬೇಗ ಅಳಿಯಿತು, ಪೂರ್ವದಲ್ಲಿ ಇನ್ನಷ್ಟು ಶತಮಾನ ಉಳಿಯಿತು. ಆ ಹಳೆಯ ನೇಮಕ ಗಂಡಸರ ದೀಕ್ಷೆಗೆ ಸಮನಾದ ಸಂಸ್ಕಾರವೇ, ಬರೀ ಆಶೀರ್ವಾದವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಆಯೋಗ, 2020ರಲ್ಲಿ ಇನ್ನೊಂದು ಆಯೋಗ ನೇಮಿಸಿದರು. ಕಥೋಲಿಕ ಸಭೆಯಲ್ಲಿ ಆ ಬಾಗಿಲು ತೆರೆದಿಲ್ಲ. ಆರ್ಥೊಡಾಕ್ಸರಲ್ಲಿ ಅಲೆಕ್ಸಾಂಡ್ರಿಯದ ಪೇಟ್ರಿಯಾರ್ಕೇಟ್ (ಪ್ರಧಾನ ಬಿಷಪ್ಪರ ಆಡಳಿತಪ್ರಾಂತ್ಯ) 2024ರ ಮೇ ತಿಂಗಳಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಆಂಜೆಲಿಕ್ ಮೊಲೆನ್ ಎಂಬ ಮಹಿಳೆಗೆ ಸಭಾಸೇವಕಿಯ ದೀಕ್ಷೆ ಕೊಟ್ಟಿತು.

ಪಲ್ಪಿಟ್ ಇಲ್ಲದ ಪ್ರಸಂಗಿಗಳು

ಮಧ್ಯಯುಗದಲ್ಲಿ ಓದಿದ, ಬರೆದ, ಆಳಿದ ಕ್ರೈಸ್ತ ಹೆಂಗಸರನ್ನು ಹುಡುಕಬೇಕಾದರೆ ಮಠಗಳಿಗೆ ಹೋಗಬೇಕು. ಹಿಲ್ಡಾ ಆಳುತ್ತಿದ್ದ ಇಂಗ್ಲೆಂಡಿನ ವಿಟ್‌ಬಿ ಮಠದಲ್ಲಿ ಸನ್ಯಾಸಿಗಳೂ ಸನ್ಯಾಸಿನಿಯರೂ ಇದ್ದರು, 664ರ ಪ್ರಸಿದ್ಧ ಸಭಾಸಮಾವೇಶ ನಡೆದದ್ದು ಅಲ್ಲಿಯೇ. ಬಿಂಗನ್‌ನ ಹಿಲ್ಡೆಗಾರ್ಡ್ ಹನ್ನೆರಡನೆಯ ಶತಮಾನದಲ್ಲಿ ಊರೂರು ತಿರುಗಿ ಗುರುಗಳಿಗೇ ಪ್ರಸಂಗ ಮಾಡಿದರು. ಕಥೋಲಿಕ ಸಭೆ ಆವಿಲಾದ ತೆರೇಸಾ ಮತ್ತು ಸಿಯೆನಾದ ಕ್ಯಾಥರೀನ್ ಅವರನ್ನು 1970ರಲ್ಲಿ, ಲಿಸಿಯೂದ ತೆರೇಸಾರನ್ನು 1997ರಲ್ಲಿ, ಹಿಲ್ಡೆಗಾರ್ಡ್ ಅವರನ್ನು 2012ರಲ್ಲಿ ಸಭೆಯ ಆಚಾರ್ಯರು ಎಂದು ಘೋಷಿಸಿತು. ಅಂದರೆ ಇವರ ಬೋಧನೆ ಗುರುಗಳಿಗೂ ಬಿಷಪ್ಪರಿಗೂ ಪಾಠ.

ಹದಿನಾರನೆಯ ಶತಮಾನದ ಮಾರ್ಟಿನ್ ಲೂಥರನ ಸುಧಾರಣೆ ಹೆಂಗಸರಿಗೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಂಡಿತು. ಬೈಬಲ್ ಮನೆಮಾತಿನಲ್ಲಿ ಕೈಗೆ ಬಂತು, ಮದುವೆಗೆ ಗೌರವ ಬಂತು. ಮಠಗಳು ಮುಚ್ಚಿದವು, ಹೆಣ್ಣು ತಾನೇ ನಡೆಸುತ್ತಿದ್ದ ಏಕೈಕ ಸಂಸ್ಥೆ ಅದರ ಜೊತೆಗೆ ಹೋಯಿತು. ಅದರ ಬದಲಿಗೆ ಹುಟ್ಟಿದ ಹೊಸ ಪಾತ್ರ ಪಾಸ್ಟರಮ್ಮ, ಅಂದರೆ ಪಾಸ್ಟರರ ಹೆಂಡತಿ. ಸಂಬಳವಿಲ್ಲ, ಹುದ್ದೆಯಿಲ್ಲ, ರಜೆಯಿಲ್ಲ. ಗಂಡ ತೀರಿಕೊಂಡರೆ ಸಭೆಯ ಮನೆ ಕೂಡ ಇಲ್ಲ. ಇಂದಿಗೂ ಅನೇಕ ಸಭೆಗಳು ಇಬ್ಬರ ದುಡಿಮೆ ಪಡೆದು ಒಬ್ಬರಿಗೆ ಸಂಬಳ ಕೊಡುತ್ತವೆ. ಇದನ್ನು ಸೇವೆ ಎಂಬ ಹೆಸರಿನಲ್ಲಿ ಮರೆಸಬಾರದು.

ಹೊಸ ಚಳವಳಿಗಳು ಬಂದಾಗಲೆಲ್ಲ ಹೆಂಗಸರು ಮುಂದೆ ಬಂದಿದ್ದಾರೆ. ಕ್ವೇಕರರೆಂಬ ಇಂಗ್ಲೆಂಡಿನ ಪಂಥದಲ್ಲಿ ಮಾರ್ಗರೆಟ್ ಫೆಲ್ 1666ರಲ್ಲೇ ಹೆಂಗಸರ ಪ್ರಸಂಗವನ್ನು ಬೈಬಲಿನಿಂದ ಸಮರ್ಥಿಸಿ ಬರೆದರು. ಮೆಥೊಡಿಸ್ಟರ ಜಾನ್ ವೆಸ್ಲಿ, ಮೇರಿ ಬೊಸಾಂಕೆಟ್ ಅವರಂಥವರಿಗೆ ಅಸಾಧಾರಣ ಕರೆ ಇದೆ ಎಂದು ಒಪ್ಪಿಕೊಂಡ. ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಜರೀನಾ ಲೀ ಮೊದಲ ಸಲ ಕೇಳಿದಾಗ ಬೇಡವೆಂದ ರಿಚರ್ಡ್ ಆಲನ್, 1819ರಲ್ಲಿ ಅವರಿಗೆ ಪ್ರಸಂಗದ ಅನುಮತಿ ಕೊಟ್ಟ. ಸಾಲ್ವೇಶನ್ ಆರ್ಮಿಯ ಕ್ಯಾಥರೀನ್ ಬೂತ್ ಗಂಡನಷ್ಟೇ, ಕೆಲವರ ಪ್ರಕಾರ ಗಂಡನಿಗಿಂತ, ಚೆನ್ನಾಗಿ ಪ್ರಸಂಗ ಮಾಡುತ್ತಿದ್ದರು. 1906ರ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಪೆಂತೆಕೊಸ್ತ ಚಳವಳಿಗೆ ಮೂಲವಾದ ಉಜ್ಜೀವನದಲ್ಲೂ ಹೆಂಗಸರು ನಾಯಕತ್ವದಲ್ಲಿದ್ದರು. ಆಮೇಲಿನ ಕತೆ ಹೆಚ್ಚುಕಡಿಮೆ ಒಂದೇ. ಬಯಲಿನಲ್ಲಿ ನಡೆಯುತ್ತಿದ್ದ ಚಳವಳಿಗೆ ಕಟ್ಟಡ ಬರುತ್ತದೆ, ಸಂಬಳ ಬರುತ್ತದೆ, ನಿಯಮಾವಳಿ ಬರುತ್ತದೆ. ಆಗ ಪ್ರಸಂಗಿ ಹೆಂಗಸಿಗೆ ಸಂಡೆ ಸ್ಕೂಲ್ ತೋರಿಸುತ್ತಾರೆ. ವೆಸ್ಲಿ ಸತ್ತು ಹನ್ನೆರಡು ವರ್ಷಕ್ಕೆ, 1803ರಲ್ಲಿ, ಬ್ರಿಟನ್ನಿನ ಮೆಥೊಡಿಸ್ಟರು ಹೆಂಗಸರು ಹೆಂಗಸರಿಗೆ ಮಾತ್ರ ಪ್ರಸಂಗ ಮಾಡಲಿ, ಅದೂ ಅನುಮತಿಯ ಮೇಲೆ, ಎಂದು ಕಟ್ಟು ಹಾಕಿದರು.

ಹತ್ತೊಂಬತ್ತನೆಯ ಶತಮಾನದ ಮಿಷನರಿ ಕೆಲಸ ಇನ್ನೊಂದು ದಾರಿ ತೆರೆಯಿತು. ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದಿಂದ ಹೊರದೇಶಗಳಿಗೆ ಹೋದ ಪ್ರೊಟೆಸ್ಟಂಟ್ ಮಿಷನರಿಗಳಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ತಮ್ಮ ಊರಿನ ಸಭೆಯಲ್ಲಿ ಬಾಯಿ ತೆರೆಯಲು ಬಿಡದವರನ್ನು ಸಮುದ್ರದಾಚೆ ಬೋಧಿಸಲು ಕಳುಹಿಸಿದರು. ಅವರ ಜೊತೆ ಮನೆಮನೆಗೆ ಹೋಗಿ ಓದು ಕಲಿಸಿ, ವಾಕ್ಯ ಹೇಳಿದ ಸ್ಥಳೀಯ 'ಬೈಬಲ್ ಸ್ತ್ರೀ'ಯರ ದುಡಿಮೆ ವರದಿಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಪಂಡಿತಾ ರಮಾಬಾಯಿ ಅಂಥ ಸಾಲಿಗೆ ಸೇರಲು ಒಪ್ಪಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು ಗಂಡಸರಿಗೆ ಪಾಠ ಹೇಳಬಾರದೆಂದು ಭಾರತದ ಆಂಗ್ಲಿಕನ್ ಬಿಷಪ್ಪರಿಂದ ಆಕ್ಷೇಪ ಬಂದಾಗ ಅದನ್ನು ನೇರವಾಗಿ ಪ್ರಶ್ನಿಸಿದರು. ಆಮೇಲೆ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಹೀಬ್ರೂ ಮತ್ತು ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅಚ್ಚಿನ ಕೆಲಸವನ್ನೂ ಆಶ್ರಮದ ಹೆಂಗಸರೇ ಮಾಡಿದರು.

ಯುದ್ಧಕಾಲದ ಒಂದು ದೀಕ್ಷೆ

ಅಮೆರಿಕದಲ್ಲಿ ಆಂಟೊನೆಟ್ ಬ್ರೌನ್ 1853ರಲ್ಲೇ ಒಂದು ಕಾಂಗ್ರಿಗೇಶನಲ್ ಸಭೆಯ ಪಾಲಕಿಯಾಗಿ ದೀಕ್ಷೆ ಪಡೆದಿದ್ದರು. ಆದರೆ ಬಿಷಪ್ಪರಿರುವ ಸಭೆಗಳಲ್ಲಿ ತಿರುವು ತಂದವರು ಹಾಂಗ್‌ಕಾಂಗ್‌ನ ಫ್ಲಾರೆನ್ಸ್ ಲೀ ಟಿಮ್-ಓಯ್. ಎರಡನೆಯ ಮಹಾಯುದ್ಧದಲ್ಲಿ ಮಕಾವ್ ನಿರಾಶ್ರಿತರಿಂದ ತುಂಬಿತ್ತು, ಆಂಗ್ಲಿಕನ್ ಗುರುಗಳು ಅಲ್ಲಿಗೆ ತಲುಪುವಂತಿರಲಿಲ್ಲ. ಡೀಕನ್, ಅಂದರೆ ಸಭಾಸೇವಕಿ, ಆಗಿದ್ದ ಲೀ ಅಲ್ಲಿ ಸಭೆ ನಡೆಸುತ್ತಿದ್ದರು. ಗುರು ಮಾತ್ರ ನಡೆಸಬಹುದಾದ ಕರ್ತನ ಭೋಜನ ಇಲ್ಲದೆ ಜನ ಎಷ್ಟು ದಿನ ಇರಬೇಕು? ಬಿಷಪ್ ಆರ್. ಒ. ಹಾಲ್ 1944ರ ಜನವರಿ 25ರಂದು ಅವರಿಗೆ ಗುರುದೀಕ್ಷೆ ಕೊಟ್ಟರು. ಹೆಂಗಸರ ಹಕ್ಕಿನ ಪರವಾಗಿ ಹೂಡಿದ ಹೋರಾಟದಿಂದ ಆದದ್ದಲ್ಲ ಇದು, ಹಸಿದ ಸಭೆಯ ಅಗತ್ಯದಿಂದ ಆದದ್ದು. ಯುದ್ಧ ಮುಗಿದ ಮೇಲೆ ಬಿಷಪ್ಪರ ಮೇಲೆ ಒತ್ತಡ ಬಂತು. ಅವರಿಗೆ ತೊಂದರೆಯಾಗಬಾರದೆಂದು ಲೀ 1946ರಲ್ಲಿ ತಮ್ಮ ಅನುಮತಿಪತ್ರವನ್ನು ಹಿಂದಿರುಗಿಸಿದರು. ಪಡೆದ ದೀಕ್ಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಚೀನಾದಲ್ಲಿ ಚರ್ಚುಗಳು ಮುಚ್ಚಿದ ವರ್ಷಗಳನ್ನು ದಾಟಿ, ಇಳಿವಯಸ್ಸಿನಲ್ಲಿ ಕೆನಡಾದಲ್ಲಿ ಮತ್ತೆ ಗುರುಸೇವೆ ಮಾಡಿದರು. 1992ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಆಂಗ್ಲಿ‌ಕನ್ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡಲು ಮತ ಹಾಕಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಸ್ವೀಡನ್ನಿನ ಲುಥೆರನ್ ಸಭೆಯಲ್ಲಿ ಮೊದಲ ದೀಕ್ಷೆ 1960ರಲ್ಲಿ. ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ (ಸಿಎಸ್ಐ) ಎಲಿಜಬೆತ್ ಪಾಲ್ ಅವರಿಗೆ 1976ರಲ್ಲಿ. ಆಂಗ್ಲಿಕನ್ ಲೋಕದ ಮೊದಲ ಮಹಿಳಾ ಬಿಷಪ್ 1989ರಲ್ಲಿ ಬಾರ್ಬರಾ ಹ್ಯಾರಿಸ್. ಸಿಎಸ್ಐನಲ್ಲಿ 2013ರಲ್ಲಿ ನಂದ್ಯಾಲದ ಬಿಷಪ್ ಆದವರು ಪುಷ್ಪಲಲಿತಾ. 2025ರ ಅಕ್ಟೋಬರಿನಲ್ಲಿ ಸಾರಾ ಮುಲಾಲಿ ಅವರನ್ನು ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಹೆಸರಿಸಲಾಯಿತು.

ಎಲ್ಲ ಕಡೆಯೂ ಗಾಳಿ ಹೀಗೇ ಬೀಸುತ್ತಿದೆ ಎಂದುಕೊಳ್ಳಬೇಡಿ. ಲಾಟ್ವಿಯಾದ ಲುಥೆರನ್ ಸಭೆ ಹೆಂಗಸರಿಗೆ ಕೊಡುತ್ತಿದ್ದ ದೀಕ್ಷೆಯನ್ನು 1993ರಿಂದ ನಿಲ್ಲಿಸಿ, 2016ರಲ್ಲಿ ನಿಯಮಾವಳಿಯಲ್ಲೇ ಬಾಗಿಲು ಹಾಕಿತು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಸೀಮಿತ ಎಂದು ನಂಬಿಕೆಯ ಹೇಳಿಕೆಗೆ ಸೇರಿಸಿದರು. ಅದನ್ನು ಸಂವಿಧಾನಕ್ಕೂ ಸೇರಿಸುವ ಪ್ರಯತ್ನಕ್ಕೆ 2024ರಲ್ಲಿ ಸುಮಾರು 61 ಶೇಕಡಾ ಮತ ಬಿತ್ತು. ಬೇಕಾಗಿದ್ದದ್ದು ಮೂರನೇ ಎರಡರಷ್ಟು.

ದೀಕ್ಷೆಯ ಆಚೆಗೆ

ಇಷ್ಟೆಲ್ಲ ಹೇಳಿದ ಮೇಲೂ, ಸಭೆಯಲ್ಲಿರುವ ಹೆಂಗಸರಲ್ಲಿ ಗುರುದೀಕ್ಷೆ ಬಯಸುವವರು ಬೆರಳೆಣಿಕೆಯಷ್ಟು. ಉಳಿದವರ ಬದುಕು ನಡೆಯುವುದು ಗಾಯಕಮಂಡಲಿಯಲ್ಲಿ, ಪ್ರಾರ್ಥನಾ ಕೂಟದಲ್ಲಿ, ಆಸ್ಪತ್ರೆಯ ಭೇಟಿಗಳಲ್ಲಿ. ಬಹಳಷ್ಟು ದೇಶಗಳಲ್ಲಿ ಆರಾಧನೆಗೆ ತಪ್ಪದೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಮಕ್ಕಳಿಗೆ ನಂಬಿಕೆಯ ಮೊದಲ ಪಾಠ ಹೇಳುವವರೂ ಅವರೇ. ಹೆಂಗಸರಿಗೆ ದೀಕ್ಷೆ ಕೊಡದ ಸಭೆ ಕೂಡ ಇವತ್ತೇ ಮಾಡಬಹುದಾದ ಕೆಲಸಗಳು ಎಷ್ಟೋ ಇವೆ, ಕೆಲವು ಮಾಡಿಯೂ ಇವೆ. 2021ರಲ್ಲಿ ಕಥೋಲಿಕ ಸಭೆ ವಾಚಕ ಮತ್ತು ಬಲಿಪೀಠದ ಸಹಾಯಕ ಎಂಬ ಶಾಶ್ವತ ಸೇವೆಗಳನ್ನು ಹೆಂಗಸರಿಗೆ ವಿಧಿವತ್ತಾಗಿ ತೆರೆಯಿತು. ಹೆಂಗಸರು ಎಷ್ಟೋ ವರ್ಷಗಳಿಂದ ವಾಚನ ಓದುತ್ತಲೇ ಇದ್ದರು, ಈಗ ಆ ಕೆಲಸಕ್ಕೆ ಹೆಸರು ಬಂತು. 2023ರ ಸಿನೊಡ್‌ನಲ್ಲಿ (ಬಿಷಪ್ಪರ ಜಾಗತಿಕ ಸಮಾವೇಶದಲ್ಲಿ) ಮೊದಲ ಬಾರಿಗೆ ಹೆಂಗಸರು ಮತ ಹಾಕಿದರು.

ದೀಕ್ಷೆ ಕೊಡುವ ಸಭೆಗಳೂ ಮೈಮರೆಯುವಂತಿಲ್ಲ. ದೀಕ್ಷೆ ಪಡೆದವಳಿಗೆ ಯಾವ ಸಭೆ ಕೊಡುತ್ತಾರೆ, ದೊಡ್ಡ ಸಭೆಗೆ ಅವಳ ಹೆಸರು ಬಂದಾಗ ಏನಾಗುತ್ತದೆ, ಹೆರಿಗೆಯ ರಜೆಯ ಬಗ್ಗೆ ನಿಯಮ ಬರೆದಿದ್ದಾರೆಯೇ ಎಂದು ನೋಡಬೇಕು. ದೀಕ್ಷೆಯ ದಿನದ ಫೋಟೋದಿಂದ ಇದು ಗೊತ್ತಾಗುವುದಿಲ್ಲ.

ನಿಮ್ಮ ಸಭೆಯ ನಿಜವಾದ ನಿಲುವು ತಿಳಿಯಬೇಕಾದರೆ ದೇವಶಾಸ್ತ್ರದ ಪುಸ್ತಕಕ್ಕಿಂತ ಮೊದಲು ನಿಯಮಾವಳಿಯನ್ನೂ ಸಮಿತಿಯ ಸದಸ್ಯರ ಪಟ್ಟಿಯನ್ನೂ ತೆಗೆದು ನೋಡಿ. ಆರಾಧನೆಯಲ್ಲಿ ಪ್ರಸಂಗ ಮಾಡಲು ಯಾರಿಗೆ ಅನುಮತಿಯಿದೆ? ಹಣದ ಲೆಕ್ಕಕ್ಕೆ ಯಾರ ಸಹಿ ಬೀಳುತ್ತದೆ? ಹಲವು ವರ್ಷಗಳಿಂದ ಸಭೆಯ ಕೆಲಸ ಮಾಡುತ್ತಿರುವ ಹೆಂಗಸಿನ ಹುದ್ದೆಗೆ ವಾರ್ಷಿಕ ವರದಿಯಲ್ಲಿ ಏನೆಂದು ಬರೆದಿದ್ದಾರೆ? ಒಬ್ಬ ಹುಡುಗಿ ಸಭೆಯ ಹಿರಿಯನೊಬ್ಬನ ವರ್ತನೆಯ ಬಗ್ಗೆ ದೂರು ಕೊಡಬೇಕೆಂದರೆ ಯಾರ ಬಾಗಿಲು ತಟ್ಟಬೇಕು, ಆ ಬಾಗಿಲ ಹಿಂದೆ ಒಬ್ಬ ಹೆಂಗಸಾದರೂ ಕೂತಿದ್ದಾಳೆಯೇ? ಈ ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ, ಔಥೆಂತೇನ್ ಪದದ ಅರ್ಥ ಇತ್ಯರ್ಥವಾಗುವವರೆಗೆ ಕಾಯಬೇಡಿ. ಮುಂದಿನ ಸಮಿತಿ ಸಭೆಯಲ್ಲೇ ಎತ್ತಿ.